ಕನ್ನಡ ಪ್ರೌಢಶಾಲೆಯ ಗ್ರಂಥಾಲಯ: ಕಪಾಟಿನ ಪುಸ್ತಕ ಮಕ್ಕಳ ಕೈಗೆ ತಲುಪುವ ಬಗೆ

ಕಾಸರಗೋಡು ಜಿಲ್ಲೆಯ ಅನೇಕ ಕನ್ನಡ ಮಾಧ್ಯಮ ಪ್ರೌಢಶಾಲೆಗಳಲ್ಲಿ ಗ್ರಂಥಾಲಯದ ಹೊಣೆ ಭಾಷಾ ಅಧ್ಯಾಪಕರೊಬ್ಬರ ಹೆಗಲಿಗೆ ಬೀಳುತ್ತದೆ. ಜೂನ್ ತಿಂಗಳ ಮೊದಲ ಸ್ಟಾಫ್ ಮೀಟಿಂಗ್ ಮುಗಿಯುವಾಗ ಅವರ ಕೈಗೆ ಒಂದು ಬೀಗದ ಕೈಗಳ ಗೊಂಚಲು, ಅಂಚು ಹರಿದ ಒಂದು ಸ್ಟಾಕ್ ರಿಜಿಸ್ಟರ್ ಮತ್ತು ‘ಎಣಿಸಿ ತೆಗೆದುಕೊಳ್ಳಿ’ ಎಂಬ ಒಂದು ಮಾತು ಬರುತ್ತದೆ. ಎಣಿಸಿ ತೆಗೆದುಕೊಂಡವರಿಗೆ ಮುಂದೊಂದು ದಿನ ಎಣಿಸಿ ಕೊಡಬೇಕಲ್ಲ ಎಂಬ ಭಯ ಹುಟ್ಟುತ್ತದೆ. ಆ ಭಯದಿಂದ ಕಪಾಟಿಗೆ ಬೀಗ ಬೀಳುತ್ತದೆ. ನಮ್ಮ ಶಾಲೆಗಳ ಗ್ರಂಥಾಲಯ ಸೊರಗುವುದಕ್ಕೆ ಹಣದ ಕೊರತೆಗಿಂತ ಈ ಭಯವೇ ದೊಡ್ಡ ಕಾರಣವೆಂದು ನನ್ನ ಅನುಭವ ಹೇಳುತ್ತದೆ. ಆದ್ದರಿಂದ ಇಲ್ಲಿ ಹೇಳುವ ಕ್ರಮಗಳೆಲ್ಲ ಪುಸ್ತಕ ಲೆಕ್ಕ ತಪ್ಪದೆ ಹೊರಗೆ ಹೋಗಿ ಬರಬೇಕು ಎಂಬ ಒಂದೇ ಉದ್ದೇಶಕ್ಕೆ ಹೊಂದಿಕೊಂಡಿವೆ.

ರಿಜಿಸ್ಟರ್ ಸರಿಪಡಿಸುವುದು

ಮೊದಲ ಎರಡು ವಾರ ಯಾವ ಕಾರ್ಯಕ್ರಮವನ್ನೂ ಇಟ್ಟುಕೊಳ್ಳದೆ ರಿಜಿಸ್ಟರ್ ಮತ್ತು ಪುಸ್ತಕಗಳನ್ನು ತಾಳೆ ನೋಡಿ. ಒಬ್ಬರು ನಂಬರು ಓದುವುದು, ಇನ್ನೊಬ್ಬರು ಪುಸ್ತಕ ತೆಗೆದು ತೋರಿಸುವುದು, ಮೂರನೆಯವರು ಪೆನ್ಸಿಲಿನಲ್ಲಿ ಗುರುತು ಹಾಕುವುದು. ಹೀಗೆ ಮೂವರು ಮಕ್ಕಳ ಒಂದು ತಂಡ ಕುಳಿತರೆ ಒಂದು ಪಿರಿಯಡ್‌ನಲ್ಲಿ ಒಂದು ಕಪಾಟಿನ ಎರಡು ಅಡ್ಡೆಗಳು, ಎಂದರೆ ಹಲಗೆಯ ಸಾಲುಗಳು, ಮುಗಿಯುತ್ತವೆ. ಪ್ರತಿಯೊಂದು ಪ್ರತಿಗೂ ಪ್ರತ್ಯೇಕ ದಾಖಲೆ ಸಂಖ್ಯೆ ಇರಬೇಕು. ಒಂದೇ ಪುಸ್ತಕದ ಐದು ಪ್ರತಿಗಳಿದ್ದರೆ ಐದು ಸಂಖ್ಯೆಗಳು ಬೇಕು, ಮತ್ತು ಕಳೆದುಹೋದ ಪುಸ್ತಕದ ಸಂಖ್ಯೆಯನ್ನು ಹೊಸ ಪುಸ್ತಕಕ್ಕೆ ಎಂದಿಗೂ ಕೊಡಬಾರದು. ಸಂಖ್ಯೆಯನ್ನು ಶೀರ್ಷಿಕೆ ಪುಟದ ಹಿಂಬದಿಯಲ್ಲಿ ಬರೆಯುವುದರ ಜತೆಗೆ ಶಾಲೆಯೇ ಗೊತ್ತುಮಾಡಿಕೊಂಡ ಒಂದು ಒಳಪುಟದಲ್ಲಿಯೂ, ಉದಾಹರಣೆಗೆ ಎಲ್ಲ ಪುಸ್ತಕಗಳ 21ನೆಯ ಪುಟದಲ್ಲಿ, ಬರೆದಿಡುವುದು ಒಳ್ಳೆಯದು; ಮೊದಲ ಹಾಳೆ ಹರಿದುಹೋದ ಪುಸ್ತಕವನ್ನು ಗುರುತಿಸಲು ಅದೊಂದೇ ದಾರಿ. ಶಾಲೆಯ ಮೊಹರನ್ನು ಅಕ್ಷರದ ಮೇಲಾಗಲಿ ಚಿತ್ರದ ಮೇಲಾಗಲಿ ಒತ್ತಬಾರದು.

ತಾಳೆ ನೋಡಿದಾಗ ಸಿಗದ ಪುಸ್ತಕಗಳ ಪಟ್ಟಿಯನ್ನು ಮುಚ್ಚಿಡದೆ ಅದೇ ತಿಂಗಳು ಮುಖ್ಯೋಪಾಧ್ಯಾಯರಿಗೆ ಬರೆದು ಕೊಟ್ಟು, ಪ್ರತಿಯ ಮೇಲೆ ಅವರ ಸಹಿ ಪಡೆದು ರಿಜಿಸ್ಟರಿನಲ್ಲಿಯೇ ಅಂಟಿಸಿಡಿ. ಹಿಂದಿನವರ ಕಾಲದ ನಷ್ಟ ಅಲ್ಲಿಗೆ ನಿಮ್ಮ ತಲೆಯಿಂದ ಇಳಿಯುತ್ತದೆ. ರಿಜಿಸ್ಟರಿನ ಸಾಲನ್ನು ಹೊಡೆದುಹಾಕಬೇಡಿ. ‘ವಿಶೇಷ’ ಎಂಬ ಕೊನೆಯ ಕಾಲಮಿನಲ್ಲಿ ತಾರೀಕು ಸಹಿತ ಕೆಂಪು ಶಾಯಿಯಲ್ಲಿ ಬರೆದರೆ ಸಾಕು.

ಇದನ್ನೆಲ್ಲ ಕಂಪ್ಯೂಟರಿಗೆ ಏರಿಸುವ ಉತ್ಸಾಹವುಳ್ಳವರಿಗೆ ‘ಕೋಹಾ’ದಂತಹ ಉಚಿತ ಗ್ರಂಥಾಲಯ ತಂತ್ರಾಂಶಗಳಿವೆ. ಆದರೆ ಎರಡು ಸಾವಿರ ಪುಸ್ತಕಗಳ ಒಳಗಿನ ಶಾಲೆಗೆ ಲಿಬ್ರೆ ಆಫೀಸಿನ ಒಂದು ಕೋಷ್ಟಕವೇ ಧಾರಾಳವಾಯಿತು. ಟೈಪ್ ಮಾಡುವ ಕೆಲಸವನ್ನು ಶಾಲೆಯ ಐಟಿ ಕ್ಲಬ್ಬಾದ ‘ಲಿಟ್ಲ್ ಕೈಟ್ಸ್’ ಮಕ್ಕಳಿಗೆ ವಹಿಸಬಹುದು. ಅದಕ್ಕೆ ಮೊದಲು ಲೇಖಕರ ಹೆಸರುಗಳನ್ನು ಬರೆಯುವ ರೂಪವನ್ನು ಗೋಡೆಯ ಮೇಲೆ ಬರೆದು ತೂಗುಹಾಕಿ. ಪೆರಡಾಲದ ಕವಿ ಕಯ್ಯಾರ ಕಿಞ್ಞಣ್ಣ ರೈಗಳ ಹೆಸರನ್ನು ಒಬ್ಬ ಹುಡುಗ ‘ಕಿಞ್ಞಣ್ಣ’ ಎಂದೂ ಇನ್ನೊಬ್ಬಳು ‘ಕಿಂಞಣ್ಣ’ ಎಂದೂ ಮತ್ತೊಬ್ಬ ಞ ಸಿಗದೆ ‘ಕಿಂಜಣ್ಣ’ ಎಂದೂ ಟೈಪ್ ಮಾಡಿದ್ದನ್ನು ನಾನು ಕಂಡಿದ್ದೇನೆ. ಹುಡುಕಿದರೆ ಕಂಪ್ಯೂಟರ್ ಅವರನ್ನು ಮೂವರು ಕವಿಗಳನ್ನಾಗಿ ತೋರಿಸುತ್ತಿತ್ತು.

ಜೋಡಿಸುವುದು ಮತ್ತು ಕೊಡುವುದು

ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳಲ್ಲಿ ಮೊದಲನೆಯದೇ ಪುಸ್ತಕಗಳಿರುವುದು ಉಪಯೋಗಕ್ಕಾಗಿ ಎಂಬುದು, ನಾಲ್ಕನೆಯದು ಓದುಗನ ಸಮಯ ಉಳಿಸಬೇಕು ಎಂಬುದು. ನಲುವತ್ತು ನಿಮಿಷದ ಪಿರಿಯಡ್‌ನಲ್ಲಿ ಮೂವತ್ತೈದು ಮಕ್ಕಳು ಪುಸ್ತಕ ಆರಿಸಬೇಕಾದ ನಮ್ಮ ಕೋಣೆಗೆ ಈ ನಾಲ್ಕನೆಯ ಸೂತ್ರ ಬಹಳ ಚೆನ್ನಾಗಿ ಒಪ್ಪುತ್ತದೆ. ಬೆನ್ನಿಗೆ ಬಣ್ಣದ ಪಟ್ಟಿ ಅಂಟಿಸಿ ಕತೆಗೆ ಹಸುರು, ಕವಿತೆಗೆ ಹಳದಿ, ವಿಜ್ಞಾನಕ್ಕೆ ನೀಲಿ ಎಂದು ವಿಂಗಡಿಸಿದರೆ ಎಂಟನೆಯ ತರಗತಿಯ ಮಕ್ಕಳು ಒಂದೇ ದಿನದಲ್ಲಿ ಕಲಿಯುತ್ತಾರೆ. ಆದರೂ ಬಣ್ಣದ ಕೆಳಗೆ, ವಿಷಯಕ್ಕೊಂದು ಸಂಖ್ಯೆ ಕೊಟ್ಟು ಪುಸ್ತಕ ವಿಂಗಡಿಸುವ ಡ್ಯೂಯಿ ದಶಮಾಂಶ ಪದ್ಧತಿಯ ಸಂಖ್ಯೆಯನ್ನೂ ಬರೆಯಿರಿ ಎಂಬುದು ನನ್ನ ಸಲಹೆ. ಆ ಪದ್ಧತಿಯಲ್ಲಿ ಕನ್ನಡ ಸಾಹಿತ್ಯಕ್ಕೆ 894.814, ಅದರಲ್ಲಿ ಕಾವ್ಯಕ್ಕೆ 894.8141, ನಾಟಕಕ್ಕೆ 894.8142, ಕತೆ ಕಾದಂಬರಿಗಳಿಗೆ 894.8143 ಎಂಬ ಸಂಖ್ಯೆಗಳಿವೆ; ಮಲಯಾಳ ಸಾಹಿತ್ಯಕ್ಕೆ 894.812 ಇದೆ. ನಮ್ಮ ಮಕ್ಕಳು ಮುಂದೆ ಕಾಲೇಜಿಗೋ ದೊಡ್ಡ ಗ್ರಂಥಾಲಯಗಳಿಗೋ ಹೋದಾಗ ಈ ಸಂಖ್ಯೆಯ ಪರಿಚಯ ಕೈಹಿಡಿಯುತ್ತದೆ. ಪಕ್ಕಪಕ್ಕದ ಎರಡು ಭಾಷೆಗಳಿಗೆ ಹತ್ತಿರ ಹತ್ತಿರದ ಸಂಖ್ಯೆ ಇರುವುದನ್ನು ತೋರಿಸಿದರೆ ಅವರಿಗೆ ಸಣ್ಣದೊಂದು ಸಂತೋಷವೂ ಆಗುತ್ತದೆ.

ಪುಸ್ತಕ ಕೊಡುವ ಕೆಲಸವನ್ನು ಅಧ್ಯಾಪಕರು ಒಬ್ಬರೇ ಮಾಡುತ್ತೇನೆಂದು ಹೊರಟರೆ ವಾರಕ್ಕೆ ಒಂದು ತರಗತಿಗೂ ಕೊಟ್ಟು ಮುಗಿಯುವುದಿಲ್ಲ. ಪ್ರತಿ ತರಗತಿಯಿಂದ ಇಬ್ಬರು ವಿದ್ಯಾರ್ಥಿಗಳನ್ನು ಆರಿಸಿ, ಅವರ ವಶಕ್ಕೆ ನಲುವತ್ತು ಪುಸ್ತಕಗಳ ಒಂದು ಪೆಟ್ಟಿಗೆಯನ್ನೂ ಒಂದು ಇನ್ನೂರು ಪುಟದ ನೋಟ್ ಪುಸ್ತಕವನ್ನೂ ಕೊಟ್ಟರೆ ತರಗತಿ ಗ್ರಂಥಾಲಯ ಸಿದ್ಧವಾಯಿತು. ಪೆಟ್ಟಿಗೆ ತಿಂಗಳಿಗೊಮ್ಮೆ ಪಕ್ಕದ ತರಗತಿಗೆ ಹೋಗಬೇಕು. ಆರಿಸುವಾಗ ತರಗತಿಯ ಮೊದಲ ರ‍್ಯಾಂಕಿನವರನ್ನೇ ಹಿಡಿಯಬೇಡಿ. ಹಿಂದಿನ ಬೆಂಚಿನಲ್ಲಿ ಕುಳಿತು ಯಾರ ಕಣ್ಣಿಗೂ ಬೀಳದ ಮಗುವಿಗೆ ಬೀಗದ ಕೈ ಕೊಟ್ಟಾಗ ಆ ಪೆಟ್ಟಿಗೆಯ ಲೆಕ್ಕ ಒಂದು ದಿನವೂ ತಪ್ಪದಿರುವುದನ್ನು ನೋಡಿದ್ದೇನೆ.

ಕಳೆದ ಪುಸ್ತಕಕ್ಕೆ ದಂಡ ಬೇಡ. ಅದೇ ಪುಸ್ತಕವನ್ನೋ ಅಷ್ಟೇ ಬೆಲೆಯ ಇನ್ನೊಂದನ್ನೋ ತಂದುಕೊಡಬಹುದು, ಅದೂ ಆಗದಿದ್ದರೆ ನಾಲ್ಕು ವಾರ ಹರಿದ ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸ ಮಾಡಿಕೊಡಬಹುದು ಎಂದು ವರ್ಷದ ಆರಂಭದಲ್ಲಿಯೇ ಹೆತ್ತವರ ಸಭೆಯಲ್ಲಿ ತಿಳಿಸಿದರೆ ತಕರಾರು ಬರುವುದಿಲ್ಲ. ದಂಡಕ್ಕೆ ಹೆದರಿದ ಮಗು ಕಳೆದುಹೋದ ಪುಸ್ತಕದ ವಿಷಯವನ್ನು ಮುಚ್ಚಿಡುತ್ತದೆ, ಆಮೇಲೆ ಗ್ರಂಥಾಲಯದ ಬಾಗಿಲಿಗೇ ಬರುವುದಿಲ್ಲ.

ಮಳೆಗಾಲದ ಆರೈಕೆ

ಶಾಲೆ ತೆರೆಯುವ ತಿಂಗಳೇ ಮಳೆ ಹಿಡಿಯುವ ತಿಂಗಳು. ಕರಾವಳಿಯ ತೇವಕ್ಕೆ ಪುಸ್ತಕಗಳು ಬೂಷ್ಟು ಹಿಡಿಯುವುದು, ನೆಲದ ತೇವ ಹುಡುಕಿ ಒರಲೆ ಬರುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ಕಪಾಟು ಗೋಡೆಯಿಂದ ಒಂದು ಗೇಣು ದೂರವಿರಲಿ, ಕೆಳಗಿನ ಅಡ್ಡೆ ನೆಲದಿಂದ ನಾಲ್ಕು ಇಂಚಾದರೂ ಮೇಲಿರಲಿ. ಪುಸ್ತಕಗಳನ್ನು ಎರಡು ಬೆರಳಿನಿಂದ ಹಿಡಿದು ಹೊರಗೆಳೆಯಲು ಬರುವಷ್ಟು ಸಡಿಲವಾಗಿ ಜೋಡಿಸಿ. ಮಳೆ ಬಿಟ್ಟ ದಿನ ಕಪಾಟಿನ ಬಾಗಿಲು ತೆರೆದಿಟ್ಟು ಫ್ಯಾನ್ ಹಾಕಿ. ಮಕ್ಕಳು ಕುಳಿತು ಓದುವ ಮುಚ್ಚಿದ ಕೋಣೆಯಲ್ಲಿ ನುಸಿಗುಳಿಗೆ ಸುರಿಯುವುದನ್ನು ನಾನು ಒಪ್ಪುವುದಿಲ್ಲ. ಗಾಳಿಯಾಡುವುದು ಮತ್ತು ಪುಸ್ತಕ ಓಡಾಡುವುದು ಅದಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ.

ನೆನೆದ ಪುಸ್ತಕದ ಬಗ್ಗೆ ಒಂದು ಮಾತು. ಹೊಣೆ ವಹಿಸಿಕೊಂಡ ಮೊದಲ ವರ್ಷ ಮಾಡಿನ ಹಂಚು ಸರಿದು ಒಂದು ಅಡ್ಡೆ ಪುಸ್ತಕ ಒದ್ದೆಯಾದಾಗ ನಾನು ಅವನ್ನು ಮರುದಿನದ ಬಿಸಿಲಿಗೆ ಅಂಗಳದಲ್ಲಿ ಹಪ್ಪಳದಂತೆ ಹರಡಿದೆ. ಸಂಜೆಯ ಹೊತ್ತಿಗೆ ರಟ್ಟುಗಳೆಲ್ಲ ಹಪ್ಪಳದಂತೆಯೇ ಡೊಂಕಾಗಿದ್ದವು. ಸರಿಯಾದ ಕ್ರಮವೆಂದರೆ, ಪುಸ್ತಕವನ್ನು ನೆರಳಿನಲ್ಲಿ ಗಾಳಿಯಾಡುವಲ್ಲಿ ಇಟ್ಟು, ಹತ್ತು ಹದಿನೈದು ಹಾಳೆಗೊಂದರಂತೆ ಅಚ್ಚಿಲ್ಲದ ಬಿಳಿ ಕಾಗದ ತೂರಿಸಿ, ಕಾಗದ ತೇವವಾದಂತೆಲ್ಲ ಬದಲಿಸುತ್ತ ಹೋಗುವುದು. ಪತ್ರಿಕೆಯ ಹಾಳೆ ಇಟ್ಟರೆ ಅದರ ಶಾಯಿ ಪುಟಕ್ಕೆ ಹತ್ತುತ್ತದೆ. ಮುಕ್ಕಾಲು ಒಣಗಿದ ಮೇಲೆ ಎರಡು ಹಲಗೆಗಳ ನಡುವೆ ಭಾರ ಹೇರಿ ಇಡಬೇಕು. ಬೂಷ್ಟು ಹಿಡಿದದ್ದನ್ನು ಮೊದಲು ಬೇರೆಯವುಗಳಿಂದ ದೂರವಿಟ್ಟು, ಪೂರ್ತಿ ಒಣಗಿದ ನಂತರ ಹೊರಗಿನ ಜಗಲಿಯಲ್ಲಿ ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು ಬಣ್ಣ ಬಳಿಯುವ ಮೆತ್ತನೆಯ ಬ್ರಶ್ಶಿನಿಂದ ಒರಸಬೇಕು. ಈ ಕೆಲಸವನ್ನು ಮಕ್ಕಳಿಗೆ ಕೊಡಬಾರದು.

ಚಟುವಟಿಕೆಗಳು

ಕೇರಳದ ಶಾಲೆಗಳಲ್ಲಿ ಜೂನ್ 19ನ್ನು ವಾಚನಾ ದಿನವಾಗಿ ಆಚರಿಸುತ್ತೇವೆ. ಗ್ರಂಥಶಾಲಾ ಚಳವಳಿಯನ್ನು ಕಟ್ಟಿದ ಪಿ. ಎನ್. ಪಣಿಕ್ಕರ್ ಅವರು 1995ರಲ್ಲಿ ನಿಧನರಾದ ದಿನ ಅದು. ಅಸೆಂಬ್ಲಿಯಲ್ಲಿ ಪ್ರತಿಜ್ಞೆ, ಒಂದು ಕ್ವಿಜ್, ಒಂದು ಪುಸ್ತಕ ಪ್ರದರ್ಶನ, ಒಂದು ವಾರದ ಫೋಟೋಗಳು; ಆಮೇಲೆ ಮುಂದಿನ ಜೂನ್ ತನಕ ಮೌನ ಎಂಬುದು ವಾಡಿಕೆ. ಇದನ್ನು ತಪ್ಪಿಸಲು ವಾಚನಾ ವಾರದಲ್ಲಿ ಪ್ರದರ್ಶನಕ್ಕಿಟ್ಟ ಪುಸ್ತಕಗಳನ್ನು ಕಪಾಟಿಗೆ ಮರಳಿಸದೆ ನೇರವಾಗಿ ತರಗತಿ ಪೆಟ್ಟಿಗೆಗಳಿಗೆ ಹಾಕಿಬಿಡಿ. ಕ್ವಿಜ್‌ಗಿಂತ, ಓದಿದ ಪುಸ್ತಕದ ಒಂದು ಪುಟವನ್ನು ಆರಿಸಿ ಗಟ್ಟಿಯಾಗಿ ಓದಿ, ಈ ಪುಟವನ್ನೇ ಏಕೆ ಆರಿಸಿದೆನೆಂದು ಎರಡು ನಿಮಿಷ ಹೇಳುವುದು ಉತ್ತಮ. ಹಾಗೆ ಓದಿದ ಪುಸ್ತಕವನ್ನು ಅದೇ ದಿನ ಕೇಳಿಕೊಂಡು ಬರುವ ಮಕ್ಕಳಿರುತ್ತಾರೆ.

ಮಳೆಗಾಲಕ್ಕೆ ನಮ್ಮ ನೆಲದಲ್ಲಿಯೇ ಹುಟ್ಟಿದ ಒಂದು ಓದಿನ ಚಟುವಟಿಕೆ ಇದೆ. ಅದನ್ನು ಗ್ರಂಥಾಲಯಗಳು ಏಕೆ ಬಳಸಿಕೊಳ್ಳುವುದಿಲ್ಲವೋ ತಿಳಿಯದು. ಮೇ ಕೊನೆಯ ಪತ್ತನಾಜೆಯ ದಿನ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸಿದ ಮೇಲೆ ಆರಂಭವಾಗುವುದು ತಾಳಮದ್ದಳೆಯ ಕಾಲ. ವೇಷವಿಲ್ಲ, ಕುಣಿತವಿಲ್ಲ, ಪದ್ಯ ಹಾಡಿದ ಮೇಲೆ ಪಾತ್ರಧಾರಿ ಕುಳಿತಲ್ಲಿಂದಲೇ ಅರ್ಥ ಹೇಳಬೇಕು, ಎದುರಿನವನ ಮಾತಿಗೆ ಆ ಕ್ಷಣವೇ ಉತ್ತರ ಕೊಡಬೇಕು. ಓದದೆ ಅರ್ಥ ಹೇಳಲು ಬರುವುದಿಲ್ಲ. ಕುಂಬಳೆಯ ಪಾರ್ತಿಸುಬ್ಬನ ಹೆಸರಿನಲ್ಲಿರುವ ರಾಮಾಯಣ ಪ್ರಸಂಗಗಳಿಂದ ವಾಲಿವಧೆಯ ಭಾಗವನ್ನು ಆರಿಸಿಕೊಂಡು ಎಂಟು ಹತ್ತು ಪದ್ಯಗಳನ್ನು ಮಾತ್ರ ಇಟ್ಟುಕೊಂಡರೆ ಒಂದು ಪಿರಿಯಡ್‌ಗೆ ಸರಿಹೋಗುತ್ತದೆ. ಎರಡು ವಾರ ಮೊದಲೇ ಪಾತ್ರ ಹಂಚಿ, ಪ್ರತಿಯೊಬ್ಬರೂ ಗ್ರಂಥಾಲಯದ ಎರಡು ಬೇರೆ ಬೇರೆ ರಾಮಾಯಣಗಳಲ್ಲಿ ತಮ್ಮ ಪಾತ್ರದ ಭಾಗವನ್ನು ಓದಿ, ತಾವು ಹೇಳಲಿರುವ ಮೂರು ವಾದಗಳನ್ನು ಒಂದು ಚೀಟಿಯಲ್ಲಿ ಬರೆದು ತರಬೇಕೆಂದು ನಿಯಮ ಮಾಡಿ. ಮರೆಯಲ್ಲಿ ನಿಂತು ಹೊಡೆದದ್ದು ಧರ್ಮವೇ ಎಂದು ವಾಲಿ ಕೇಳುವಾಗ ರಾಮನ ಪಾತ್ರದ ಹುಡುಗಿ ತಡವರಿಸಿದರೆ, ಮರುದಿನ ಅವಳು ಮೂರನೆಯ ರಾಮಾಯಣವನ್ನು ಹುಡುಕಿಕೊಂಡು ಬರುತ್ತಾಳೆ. ಹಾಡುವವರು ಸಿಗದಿದ್ದರೆ ಪದ್ಯವನ್ನು ರಾಗವಿಲ್ಲದೆ ಓದಿದರೂ ನಡೆಯುತ್ತದೆ. ಇದೇ ಕ್ರಮವನ್ನು ಯಾವುದೇ ಕತೆಗೂ ಚರಿತ್ರೆಯ ಪ್ರಸಂಗಕ್ಕೂ ಅನ್ವಯಿಸಬಹುದು. ಪಾತ್ರ ಹಂಚುವಾಗ ಮನೆಯ ಮತ ಧರ್ಮ ಯಾವುದೆಂದು ನೋಡುವ ಅಗತ್ಯವಿಲ್ಲ.

ನಿಘಂಟು ನೋಡುವುದನ್ನು ಪ್ರತ್ಯೇಕವಾಗಿ ಕಲಿಸಬೇಕು. ಮೊಬೈಲಿನಲ್ಲಿ ಹುಡುಕಿ ಅಭ್ಯಾಸವಾದ ಮಕ್ಕಳಿಗೆ ‘ಅಂಗಳ’ ಎಂಬ ಪದ ‘ಅಕ್ಕಿ’ಗಿಂತ ಮೊದಲು ಬರುತ್ತದೆಂದೂ ‘ಕ್ಷಮೆ’ಯನ್ನು ಕೊನೆಯ ಪುಟಗಳಲ್ಲಿ ಹುಡುಕಬಾರದು, ಅದು ಕಕಾರದ ಒಳಗೇ ಇದೆಯೆಂದೂ ಹೊಳೆಯುವುದಿಲ್ಲ. ಹತ್ತು ಪದಗಳ ಚೀಟಿ ಕೊಟ್ಟು ಜೋಡಿಗಳಾಗಿ ಹುಡುಕಲು ಬಿಟ್ಟರೆ ಎರಡು ಪಿರಿಯಡ್‌ಗಳಲ್ಲಿ ಕೈ ಕುದುರುತ್ತದೆ. ಆಕರ ವಿಭಾಗದಲ್ಲಿ ಕನ್ನಡ ಮತ್ತು ಮಲಯಾಳ ನಿಘಂಟುಗಳ ಜತೆಗೆ ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರದ ತುಳು ನಿಘಂಟಿನ ಸಂಪುಟಗಳಿದ್ದರೆ ಬಹಳ ಒಳ್ಳೆಯದು. ಆ ಮೂರನ್ನೂ ಮೇಜಿನ ಮೇಲೆ ತೆರೆದಿಟ್ಟು, ಮನೆಯ ಒಂದು ವಸ್ತುವಿಗೆ ಎಷ್ಟು ಭಾಷೆಗಳಲ್ಲಿ ಹೆಸರು ಸಿಗುತ್ತದೆಂದು ಪಟ್ಟಿ ಮಾಡಿಸಿ. ಹಲಸು, ಪೆಲಕಾಯಿ, ಚಕ್ಕ, ಪೊಣಸು ಎಂದು ಒಂದೇ ಬೆಂಚಿನಿಂದ ನಾಲ್ಕು ಉತ್ತರಗಳು ಬರುವ ಊರು ನಮ್ಮದು. ನಿಘಂಟಿನಲ್ಲಿ ಸಿಗದ ಪದವನ್ನು ಅಜ್ಜಿಯಿಂದ ಕೇಳಿ ಬರೆದು ತಂದರೆ ಅದಕ್ಕೆಂದೇ ಒಂದು ನೋಟ್ ಪುಸ್ತಕ ಗ್ರಂಥಾಲಯದಲ್ಲಿರಬೇಕು.

ಊರಿನ ಕಾಗದಗಳ ಕಪಾಟು

ಯಾವ ಅಂಗಡಿಯಲ್ಲೂ ಸಿಗದ, ಶಾಲೆಯೇ ಕೂಡಿಸಬಹುದಾದ ಸಂಗ್ರಹವೊಂದಿದೆ. ಬ್ರಹ್ಮಕಲಶೋತ್ಸವದ ಆಮಂತ್ರಣ ಪತ್ರಿಕೆ, ಶಾಲಾ ಶತಮಾನೋತ್ಸವದ ಸ್ಮರಣ ಸಂಚಿಕೆ, ಯಕ್ಷಗಾನದ ಹ್ಯಾಂಡ್‌ಬಿಲ್, ಊರಿನ ಯುವಕ ಸಂಘದ ವರದಿ, ಸಹಕಾರಿ ಬ್ಯಾಂಕಿನ ಹಳೆಯ ಕ್ಯಾಲೆಂಡರ್, ಉರೂಸಿನ ನೋಟಿಸು, ಇಗರ್ಜಿಯ ಹಬ್ಬದ ಪತ್ರಿಕೆ ಮೊದಲಾದವು ಪ್ರತಿ ಮನೆಯಲ್ಲೂ ಒಂದೆರಡು ವರ್ಷ ಇದ್ದು ಬಚ್ಚಲ ಒಲೆ ಸೇರುತ್ತವೆ. ಊರಿನ ಚರಿತ್ರೆ ಬರೆಯಬೇಕೆಂದು ಹೊರಟಾಗ ಬೇಕಾಗುವುದು ಇವೇ. ಈ ಪ್ರದೇಶವು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರುವ ತನಕ ದಕ್ಷಿಣ ಕನ್ನಡದ ಭಾಗವಾಗಿತ್ತು, ಕಾಸರಗೋಡು ಪ್ರತ್ಯೇಕ ಜಿಲ್ಲೆಯಾದದ್ದು 1984ರಲ್ಲಿ ಎಂಬುದನ್ನು ಮಕ್ಕಳು ಪಾಠದಲ್ಲಿ ಓದುವುದಕ್ಕೂ, ಹಳೆಯ ಕಾಗದದ ತಲೆಬರಹದಲ್ಲಿ ‘ದ. ಕ. ಜಿಲ್ಲೆ, ಕಾಸರಗೋಡು ತಾಲೂಕು’ ಎಂದು ಅಚ್ಚಾದದ್ದನ್ನು ಕೈಯಲ್ಲಿ ಹಿಡಿದು ನೋಡುವುದಕ್ಕೂ ವ್ಯತ್ಯಾಸವಿದೆ.

ಕ್ರಮ ಹೀಗಿರಲಿ: ಪ್ರತಿ ಕಾಗದವನ್ನೂ ಸ್ಟೇಪಲ್ ಪಿನ್ ತೆಗೆದು, ಏಕೆಂದರೆ ನಮ್ಮ ಹವೆಗೆ ಪಿನ್ ಎರಡು ಮಳೆಗಾಲದಲ್ಲಿ ತುಕ್ಕು ಹಿಡಿದು ಕಾಗದವನ್ನು ತಿನ್ನುತ್ತದೆ, ಒಂದೊಂದು ದಪ್ಪ ಕಾಗದದ ಲಕೋಟೆಯಲ್ಲಿ ಹಾಕಿ, ಮೇಲೆ ಊರು, ವರ್ಷ, ಕೊಟ್ಟವರು, ತಂದ ವಿದ್ಯಾರ್ಥಿ ಎಂಬ ನಾಲ್ಕು ವಿವರಗಳನ್ನು ಪೆನ್ಸಿಲಿನಲ್ಲಿ ಬರೆಯಬೇಕು. ಲ್ಯಾಮಿನೇಟ್ ಮಾಡಿಸಬಾರದು, ಒಮ್ಮೆ ಮಾಡಿದರೆ ಬಿಡಿಸಲು ಬರುವುದಿಲ್ಲ. ಮೂಲವನ್ನು ಕೊಡಲು ಮನಸ್ಸಿಲ್ಲದವರಿಂದ ಎರಡು ದಿನಕ್ಕೆ ಕಡ ತಂದು ಸ್ಕ್ಯಾನ್ ಮಾಡಿ ಹಿಂದಿರುಗಿಸಿದರೂ ಸಾಕು.

ಪುಸ್ತಕ ಎಲ್ಲಿಂದ ತರುವುದು

ಕನ್ನಡ ಪುಸ್ತಕ ಕೊಳ್ಳಲು ನಮಗೆ ಮಂಗಳೂರೇ ಹತ್ತಿರ. ಶಾಲೆಗೆ ಬಂದ ಪಟ್ಟಿಯನ್ನು ನೋಡಿ ಟಿಕ್ ಹಾಕಿ ಕಳುಹಿಸುವುದಕ್ಕಿಂತ ನಾಲ್ಕು ಮಕ್ಕಳನ್ನು ಕರೆದುಕೊಂಡು ಬೆಳಗ್ಗಿನ ರೈಲಿಗೆ ಹೋಗಿ, ಅಂಗಡಿಯಲ್ಲಿ ಅವರೇ ಕೈಯಾರೆ ಆರಿಸಿದರೆ ಆ ಪುಸ್ತಕಗಳು ಕಪಾಟಿನಲ್ಲಿ ನಿಲ್ಲುವುದಿಲ್ಲ. ಕರ್ನಾಟಕದ ಕನ್ನಡ ಪುಸ್ತಕ ಪ್ರಾಧಿಕಾರ ಮತ್ತು ಸಾಹಿತ್ಯ ಅಕಾಡೆಮಿಯ ಪ್ರಕಟಣೆಗಳು, ನ್ಯಾಷನಲ್ ಬುಕ್ ಟ್ರಸ್ಟಿನ ಕನ್ನಡ ಮಕ್ಕಳ ಪುಸ್ತಕಗಳು ಕಡಿಮೆ ಬೆಲೆಗೆ ಸಿಗುತ್ತವೆ. ವಿಜ್ಞಾನಕ್ಕೆ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲವಿಜ್ಞಾನ’ವನ್ನೂ ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತಿನ ಮಲಯಾಳ ‘ಯುರೀಕಾ’ವನ್ನೂ ಒಟ್ಟಿಗೆ ತರಿಸಬಹುದು; ಎರಡು ಲಿಪಿ ಬಲ್ಲ ಮಕ್ಕಳಿರುವ ಶಾಲೆಗೆ ಇದು ಬೇರೆಯವರಿಗಿಲ್ಲದ ಅನುಕೂಲ. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡ ಕತೆಗಳನ್ನು ಉಚಿತವಾಗಿ ಇಳಿಸಿಕೊಂಡು ಮುದ್ರಿಸಲು ಅನುಮತಿಯಿದೆ.

ಗೋಡೆ ಪತ್ರಿಕೆಗೋ ಕೈಬರಹದ ಸಂಚಿಕೆಗೋ ಹಳೆಯ ಕವಿತೆಗಳನ್ನು ಬಳಸುವವರು ಕೃತಿಸ್ವಾಮ್ಯದ ಲೆಕ್ಕವನ್ನೂ ತಿಳಿದಿರಬೇಕು. ಭಾರತದಲ್ಲಿ ಲೇಖಕರ ಜೀವಿತಕಾಲದಲ್ಲಿ ಪ್ರಕಟವಾದ ಕೃತಿಗಳ ಹಕ್ಕು ಅವರು ತೀರಿಕೊಂಡ ಮರುವರ್ಷದ ಆರಂಭದಿಂದ ಎಣಿಸಿ 60 ವರ್ಷ ಇರುತ್ತದೆ. ಮಂಜೇಶ್ವರದ ಗೋವಿಂದ ಪೈಗಳು 1963ರ ಸೆಪ್ಟೆಂಬರಿನಲ್ಲಿ ನಿಧನರಾದರು. ಆದ್ದರಿಂದ ಅವರ ಬದುಕಿನಲ್ಲಿ ಅಚ್ಚಾದ ಕವಿತೆಗಳು 2024ರ ಜನವರಿ 1ರಿಂದ ಎಲ್ಲರ ಸೊತ್ತಾಗಿವೆ. ಅವನ್ನು ಮಕ್ಕಳು ಟೈಪ್ ಮಾಡಿ ಕನ್ನಡ ವಿಕಿಸೋರ್ಸ್‌ಗೆ ಏರಿಸಬಹುದು, ಚಿತ್ರ ಬರೆದು ಪುಟ್ಟ ಪುಸ್ತಕ ಮಾಡಬಹುದು. ಆದರೆ ಇತ್ತೀಚಿನ ಸಂಪುಟಗಳಿಗೆ ಸಂಪಾದಕರು ಬರೆದ ಮುನ್ನುಡಿ, ಟಿಪ್ಪಣಿಗಳನ್ನು ನಕಲು ಮಾಡುವಂತಿಲ್ಲ. 2015ರಲ್ಲಿ ನಿಧನರಾದ ಕಯ್ಯಾರರ ಕವಿತೆಗಳನ್ನು ಓದಬಹುದು, ಹಾಡಬಹುದು. ಪುಸ್ತಕವಾಗಿ ಅಚ್ಚುಹಾಕಲು ಹಕ್ಕುದಾರರ ಒಪ್ಪಿಗೆ ಬೇಕು.

ಮಾರ್ಚ್ ತಿಂಗಳು

ಫೆಬ್ರವರಿ ಕೊನೆಗೆ ಹತ್ತನೆಯವರ ಪುಸ್ತಕಗಳನ್ನು ಹಿಂದೆ ಪಡೆಯಿರಿ. ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಅವರನ್ನು ಹುಡುಕಿಕೊಂಡು ಮನೆಗೆ ಹೋಗಬೇಕಾಗುತ್ತದೆ. ಎಂಟು ಮತ್ತು ಒಂಬತ್ತನೆಯವರಿಗೆ ಇದಕ್ಕೆ ವಿರುದ್ಧವಾದ ಕ್ರಮ ಅನುಸರಿಸಬೇಕು. ಎರಡು ತಿಂಗಳ ರಜೆಯಲ್ಲಿ ಎಲ್ಲ ಪುಸ್ತಕಗಳನ್ನೂ ಒಳಗೆ ಕೂಡಿಹಾಕುವ ರೂಢಿಯನ್ನು ಬಿಟ್ಟು, ಕೊನೆಯ ಪರೀಕ್ಷೆಯ ದಿನ ಒಬ್ಬೊಬ್ಬರಿಗೆ ಮೂರು ಪುಸ್ತಕ ಕೊಟ್ಟು ಕಳುಹಿಸಿ, ಜೂನ್ ಮೊದಲ ವಾರ ತರಬೇಕೆಂದು ನೋಟ್ ಪುಸ್ತಕದಲ್ಲಿ ಅವರ ಕೈಯಿಂದಲೇ ಬರೆಸಿ. ಮುಖ್ಯೋಪಾಧ್ಯಾಯರ ಒಪ್ಪಿಗೆಯನ್ನು ಮೊದಲೇ ಬರಹದಲ್ಲಿ ಪಡೆದಿದ್ದರೆ ಆಡಿಟ್ ಸಮಯದಲ್ಲಿ ಉತ್ತರ ಹುಡುಕಬೇಕಾಗಿಲ್ಲ. ರಜೆಯಲ್ಲಿ ಗೇರುಬೀಜ ಹೆಕ್ಕಲು ಹೋಗುವ ಮಕ್ಕಳ ಕೈಯಿಂದ ಪುಟಕ್ಕೆ ಕಲೆ ತಾಗುತ್ತದೆ. ಗೇರುಹಣ್ಣಿನ ಕಲೆ ಯಾವ ಉಪಾಯಕ್ಕೂ ಹೋಗುವುದಿಲ್ಲ. ರಿಜಿಸ್ಟರಿನ ‘ವಿಶೇಷ’ ಕಾಲಮಿನಲ್ಲಿ ‘ಪುಟ 34, ಗೇರುಹಣ್ಣಿನ ಕಲೆ’ ಎಂದು ಬರೆದುಕೊಂಡು ಪುಸ್ತಕವನ್ನು ಮುಂದಿನ ಮಗುವಿಗೆ ಕೊಡಿ.